ಚುಕ್ಕೆ ಇಲ್ಲದ ‘ಕಾ’

ನವೆಂಬರ್ 3, ಮಧ್ಯಾಹ್ನ

ಹೊಳೆ ಮೇಲಿನ ಹಗ್ಗದಲ್ಲಿ ತೊಟ್ಟಿ ಎಳೆಯೋ ವಿಂಚ್‌ಗೆ ಗ್ರೀಸ್ ಹಾಕಿದೆ. ಬ್ರೇಕ್ ನೋಡಿದೆ. ಬೆಳಗ್ಗೆಯಿಂದ ಹೊಳೆ ದಾಟಿಸಿದ್ದು — ಕಂಬಿ ಮೂರು ಸಲ, ಸಿಮೆಂಟು ಏಳು ಸಲ. ಎಂಟನೇ ಸಲ... ಬರಿಯೋಕೆ ಕೈ ಬರ್ತಿಲ್ಲ. ಬರೀತೀನಿ.

ಸೋಮವಾರದವರೆಗೂ ಆ ದಡದಲ್ಲಿ ಸಿಗ್ನಲ್ ಕೊಡೋನು ನಮ್ಮವನೇ, ನಮ್ಮ ಲಿಸು ಭಾಷೆ ಆಡೋನು. ಈಗ ಸಿಚುವಾನ್ ಕಡೆಯ ಪೆಂಗ್. ವಾಕಿಟಾಕೀಲಿ ಚೀನಿ ಬಿಟ್ಟು ಬೇರೆ ಮಾತಿಲ್ಲ. ತೊಟ್ಟಿ ಕೆಳಗೆ ನಿಂತು ಕೊಕ್ಕೆ ಬಿಡಿಸೋನು ಅಪು, ನನ್ನ ಹೆಂಡ್ತಿ ತಮ್ಮ.

ಪೆಂಗ್ “ಟಿಂಗ್!” ಅಂದ. ನನಗೆ ಗೊತ್ತಿದ್ದ ಟಿಂಗ್ ಒಂದೇ — ‘ಕೇಳು’. ಸಂತೇಲಿ ಕಲ್ತಿದ್ದು. ಸರಿ, ಏನೋ ಹೇಳ್ತಾನೆ ಅಂತ ವಾಕಿಟಾಕಿ ಕಿವಿಗೆ ಒತ್ಕೊಂಡು ಕೇಳ್ತಾ ಕೂತೆ. ತೊಟ್ಟಿ ಹೋಗ್ತಾನೇ ಇತ್ತು. ಅವನು ಹೇಳ್ತಿದ್ದಿದ್ದು ‘ನಿಲ್ಸು’ ಅಂತೆ.

ಅಪು ಹಾರ್ಕೊಂಡ. ಪಾದ ಉಳುಕಿದೆ. ತೊಟ್ಟಿ ಬಿದ್ದ ಜಾಗದಲ್ಲಿ ಅವನ ಟೋಪಿ ಇತ್ತು. ಟೋಪಿ ಅಪ್ಪಚ್ಚಿ.

ನವೆಂಬರ್ 3, ಸಂಜೆ

ಟಾನ್ ಮೇಡಂ ಕರೆಸಿದ್ರು. ಸೇತುವೆ ಕೆಲಸಕ್ಕೆಲ್ಲ ಸುರಕ್ಷತೆ ನೋಡ್ಕೊಳ್ಳೋರು. ಮೂವತ್ತೈದು ಇರ್ಬಹುದು. ಗಂಟಲು ಮಾತ್ರ ಐವತ್ತರ ಹವಾಲ್ದಾರಂದು.

“ನಗಬೇಡಿ ಅಣ್ಣ.”

“ನಗ್ತಿಲ್ಲ ಮೇಡಂ. ದೇವ್ರು ಮುಖಾನೇ ಹಿಂಗ್ ಮಾಡಿ ಕಳ್ಸಿದಾನೆ.”

“ಇಪ್ಪತ್ತೆಂಟಕ್ಕೆ ಪರೀಕ್ಷೆ. ನಲವತ್ತು ಪದ. ಕೇಳಿ ಗುರುತಿಸ್ಬೇಕು, ಹೇಳ್ಬೇಕು, ಬರೀಬೇಕು. ಮೂವತ್ತು ಸರಿ ಇರ್ಬೇಕು. ಇಲ್ಲಾಂದ್ರೆ ವಿಂಚ್‌ನಿಂದ ಇಳ್ದು ಮರಳು ಜರಡಿ ಹಿಡೀರಿ.”

“ಬರಿಯೋದ್ಯಾಕೆ? ವಿಂಚ್‌ಗೆ ಕಾಗದ ಹಾಕ್ಬೇಕಾ?”

“ಗಾಳಿ ಎದ್ರೆ ವಾಕಿಟಾಕಿ ಕೇಳ್ಸಲ್ಲ. ಆಗ ಬೋರ್ಡ್ ತೋರಿಸ್ತಾರೆ. ಓದೋಕೆ ಬರ್ದಿದ್ರೆ ಆ ಕಡೆ ಒಬ್ಬ ಸಾಯ್ತಾನೆ.”

ನನ್ನ ಮುಖವೂ ಆಗ ನಗ್ಲಿಲ್ಲ.

ಬೇರೆ ವಿಂಚ್‌ನವನು ಸಿಕ್ಕಿಲ್ಲ. ಅದಕ್ಕೇ ಅಲ್ಲೀವರ್ಗೂ ನಾನೇ — ಅರ್ಧ ತೊಟ್ಟಿ, ಆಮೆ ನಡಿಗೆ. ಈ ನೋಟ್‌ಬುಕ್ ಅವರೇ ಕೊಟ್ಟಿದ್ದು, ಒಂದೊಂದು ಪದ ಇಪ್ಪತ್ತು ಸಲ ಬರಿಯೋಕೆ. ಮಧ್ಯಾಹ್ನ ಚೀಟೀಲಿ ಬರ್ದಿದ್ದನ್ನ ಮೊದಲ ಪುಟಕ್ಕೆ ಅಂಟಿಸಿದೆ. ಮಿಕ್ಕ ಜಾಗದಲ್ಲಿ ನನ್ನ ಹರಟೆ, ಚರ್ಚಲ್ಲಿ ಕಲ್ತ ನಮ್ಮ ಅಕ್ಷರದಲ್ಲಿ. ಇಂಗ್ಲಿಷ್ ಅಕ್ಷರಾನೇ, ಅರ್ಧಕ್ಕರ್ಧ ತಲೆಕೆಳಗೆ ನಿಲ್ಸಿರೋದು. ಮೇಡಂ ಕದ್ದು ಓದಿದ್ರೆ ಕತ್ತು ಉಳುಕುತ್ತೆ.

ನವೆಂಬರ್ 4

ನನ್ನ ಹೆಂಡ್ತಿ ಅನಿಗೆ ಸಿಟ್ಟು. ಜೋಳದ ಗಂಜಿ ಬಟ್ಟಲು ಕುಟ್ಟಿ ಇಟ್ಲು. “ನೀನು ಊರೆಲ್ಲ ನಗಿಸು. ನನ್ನ ತಮ್ಮನ ಜೀವದ ಜೊತೆ ಆಡ್ಬೇಡ.” ಅಷ್ಟೇ. ನಾಲ್ಕು ಜೋಕ್ ಹೇಳಿದೆ. ನಾಲ್ಕೂ ಒಲೇಲಿ ಬಿದ್ವು.

ನವೆಂಬರ್ 6

ಪಾಠ. ಈಗ ಅವರು ಮೇಡಂ ಅಲ್ಲ, ಟೀಚರ್.

ಟಿಂಗ್ — ಸಮನಾಗಿ, ಎಳೆದ ಹಗ್ಗದ ಥರ: ಕೇಳು. ಟಿಂಗ್ — ಕೆಳಗಿಂದ ಮೇಲಕ್ಕೆ: ನಿಲ್ಲಿಸು. ನಮ್ಮ ಭಾಷೇಲೂ ಏರಿಳಿತ ಇದೆ. ಆದ್ರೆ ಇವರ ಮೆಟ್ಟಿಲೇ ಬೇರೆ, ನನ್ನ ಕಾಲು ಜಾರುತ್ತೆ. ನೂರು ಸಲ ಹೇಳಿಸಿದ್ರು. ಆಮೇಲೆ ಹೊಳೀತು. ನಾನು ಸುಳ್ಳು ಹೇಳ್ದಾಗ ಅನಿ “ಹೌದಾ?” ಅಂತಾಳಲ್ಲ, ಅದೇ ಮೆಟ್ಟಿಲು. ಮೇಲಕ್ಕೆ ಹೋಯ್ತೋ — ನಿಲ್ಸು. ಇಪ್ಪತ್ತೆರಡು ವರ್ಷದಿಂದ ಮನೇಲೇ ಪಾಠ ಆಗ್ತಿತ್ತು, ದಡ್ಡ ನಾನು.

‘ಮೇಲೆ’ ಅನ್ನೋ ಪದಾನ ಗಂಟಲು ಕೆಳಗಿಳ್ಸಿ ಹೇಳ್ಬೇಕಂತೆ. ಶಾಂಗ್. “ಇದ್ಯಾವ ನ್ಯಾಯ ಟೀಚರ್?”

“ಬಾಯಿ ಮುಚ್ಚಿ. ಹೇಳಿ.”

ಬಾಯಿ ಮುಚ್ಚಿ ಹೇಳೋದು ಹೆಂಗೆ ಅಂತ ಕೇಳ್ಲಿಲ್ಲ. ಭಯ.

ನವೆಂಬರ್ 9

ಇವತ್ತಿನ ಅಕ್ಷರ ಚೆನ್ನಾಗಿದೆ. ‘ಮೇಲೆ’ — ಅಡ್ಡಹಲಗೆ ಮೇಲೆ ಒಂದು ಗೂಟ, ಗೂಟಕ್ಕೆ ಒಂದು ಕೈ. ‘ಕೆಳಗೆ’ — ಹಲಗೆಯಿಂದ ಇಳಿಬಿದ್ದ ಗೂಟ, ಪಕ್ಕದಲ್ಲೊಂದು ಚುಕ್ಕೆ. ಎರಡನ್ನೂ ಒಂದೇ ಹಲಗೆಗೆ ಹೊಡೆದ್ರೆ? ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಸಿಕ್ಕಾಕ್ಕೊಂಡಿದೆ! ಅದೇ ‘ಕಾ’. ಗಂಟಲು ಕೆಳಗೆ ಮುಳುಗಿ ಮೇಲೆ ಏಳ್ಬೇಕು, ಬಾವೀಲಿ ಕೊಡ ಅದ್ದಿ ಎತ್ತಿದ ಹಂಗೆ.

ಇದನ್ನ ಬರ್ದೋನು ಖಂಡಿತ ವಿಂಚ್ ಓಡಿಸ್ತಿದ್ದ.

ಇಪ್ಪತ್ತು ಸಲ ಬರೆದೆ. ಹದಿನೇಳರಲ್ಲಿ ಚುಕ್ಕೆ ಇಲ್ಲ. ಟೀಚರ್ ಕೆಂಪು ಇಂಕಲ್ಲಿ ಹದಿನೇಳು ಗೀಟು. “ಚುಕ್ಕೆ ಇಲ್ದಿದ್ರೆ ಅದು ಅಕ್ಷರಾನೇ ಅಲ್ಲ.”

ನವೆಂಬರ್ 11, ಭಾನುವಾರ

ಚರ್ಚ್ ಆದ್ಮೇಲೆ ಅಪು ಮನೆಗೆ ಹೋದೆ. ಒಲೆ ಪಕ್ಕ ಕಾಲು ಚಾಚ್ಕೊಂಡು ಕೂತಿದ್ದ. ತೊಟ್ಟಿ ಕೆಳಗೆ ನಿಲ್ಲೋಕೆ ಬೇರೆ ಯಾರೂ ಒಪ್ತಿಲ್ಲವಂತೆ. ನಾಳೆಯಿಂದ ಮತ್ತೆ ಅವನೇ.

“ಬೇಡ ಕಣೋ. ನಾನು ಪಾಸಾಗ್ಲಿ.”

“ಭಾವ, ನಾನು ನಿಲ್ದಿದ್ರೆ ಅವರು ನಿನ್ನ ನಾಳೇನೇ ಇಳಿಸ್ತಾರೆ. ಆಮೇಲೆ ಅಕ್ಕ ಜರಡಿ ಹಿಡಿಯೋನ ಹೆಂಡ್ತಿ. ನನ್ನ ಮರ್ಯಾದೆ ಏನಾಗ್ಬೇಕು?”

“ತಲೆ ಹೋದ್ಮೇಲೆ ಮರ್ಯಾದೆ ಎಲ್ಲಿ ಕಟ್ಕೋತೀಯ?”

“ಅದಕ್ಕೇ ಸರಿಯಾಗಿ ಕಲಿ. ಏನ್ ಕಲ್ತೆ, ತೋರ್ಸು.”

ಒಲೆ ಬೂದೀಲಿ ‘ಕಾ’ ಬರ್ದು ತೋರ್ಸಿದೆ. ಮೇಲೆ, ಕೆಳಗೆ, ಒಂದೇ ಹಲಗೆ. ಅವನೂ ಬೆರಳಲ್ಲಿ ಬರ್ದ. ಖುಷಿಯಾದ. ದಾರೀಲಿ ನೆನಪಾಯ್ತು — ಚುಕ್ಕೆ ಹೇಳಿಕೊಡ್ಲಿಲ್ಲ.

ನವೆಂಬರ್ 19

ಎಂಟು ದಿನ ಹರಟೆ ಇಲ್ಲ. ಹಿಡಿ ಮುಟ್ಟಿದ್ರೆ ಅಂಗೈ ಬೆವರುತ್ತೆ. ಆ ದಡದಲ್ಲಿ ಅಪು ಇರುವೆ ಥರ ಕಾಣ್ತಾನೆ, ಕುಂಟೋ ಇರುವೆ. ಟೀಚರ್ ಸುಮ್ನೆ ಪರೀಕ್ಷೆ ಮಾಡಿ ನೋಡಿದ್ರು. ಹತ್ತೊಂಬತ್ತು ಸರಿ. ಜೋಕ್ ಒಂದೂ ಹೊಳೀತಿಲ್ಲ. ಅನಿಗೇ ಗಾಬರಿ. “ಜ್ವರಾನಾ?” ಅಂದ್ಲು.

ನವೆಂಬರ್ 24



ಹತ್ತು ಗಂಟೆಗೆ ಕಣಿವೇಲಿ ಗಾಳಿ ಎದ್ದಿತು. ಕಂಬಿ ಹೊರೆ, ಕೊನೇ ಸಲ. ಪೆಂಗ್ “ಶಾಂಗ್” ಅಂದ — ಮೇಲೆ. ಎಳೆದೆ. ಹೊರೆ ಆ ದಡ ಮುಟ್ಟೋ ಹೊತ್ತಿಗೆ ಮೆಷಿನ್ ಸದ್ದು ದಪ್ಪ ಆಯ್ತು. ಭಾರ ಇರ್ಬೇಕು, ಇನ್ನೂ ಎಳೀಬೇಕು ಅಂತ ಕೈ ಹಿಡಿ ಮೇಲೆ. ವಾಕಿಟಾಕೀಲಿ ಬರೀ ಗೊರಗೊರ. ಕ... ಕಾ... ಕ್ರ... ಕಾ... ಹಾಳು ಗಾಳಿ ಅಂತ ಬೈದೆ.

ಮತ್ತೆ ಕಾ.

ಮುಳುಗಿ ಎದ್ದಿತು. ಕೊಡ ಅದ್ದಿ ಎತ್ತಿದ ಹಂಗೆ.

ಗಾಳಿಗೆ ಮೆಟ್ಟಿಲಿಲ್ಲ, ಇದು ಪೆಂಗ್ ಗಂಟಲು!

ಬ್ರೇಕ್ ಹಾಕಿದೆ. ಮೆಷಿನ್ ಆರ್ಸಿದೆ. “ನಿಲ್ಸು” ಅಂತ ಯಾರೂ ಹೇಳಿರ್ಲಿಲ್ಲ.

ಆಮೇಲೆ ಏನೂ ಇಲ್ಲ. ಗೊರಗೊರ. ಆ ದಡ ಪೂರ್ತಿ ಧೂಳು, ಇರುವೆ ಕಾಣ್ತಿಲ್ಲ. ಎಳೆದ್ರೆ ಹಗ್ಗ ತುಂಡು, ಬಿಟ್ರೆ ಹೊರೆ ಹೊಳೆಗೆ. ಬ್ರೇಕ್ ಮೇಲೆ ಎರಡೂ ಕೈ ಇಟ್ಟು ಕೂತೆ. ಎಷ್ಟು ಹೊತ್ತೋ. ಅನಿಗೆ ಏನು ಹೇಳೋದು ಅಂತ ಮನಸ್ಸಲ್ಲೇ ಹೇಳಿ ನೋಡಿದೆ. ಮೊದಲ ಪದವೇ ಸಿಗ್ಲಿಲ್ಲ, ಯಾವ ಭಾಷೇಲೂ.

ಧೂಳು ಸರೀತು. ಆ ದಡದ ನೀಲಿ ಟಾರ್ಪಾಲ್ ಮೇಲೆ ಸುಣ್ಣದಲ್ಲಿ ಆಳೆತ್ತರದ ಅಕ್ಷರ. ಒಂದು ಹಲಗೆ, ಮೇಲೊಂದು ಗೂಟ, ಕೆಳಗೊಂದು ಗೂಟ.

ಚುಕ್ಕೆ ಇಲ್ಲ.

ಪೆಂಗ್ ಬರ್ದಿದ್ರೆ ಚುಕ್ಕೆ ಇರ್ತಿತ್ತು. ಈ ಭೂಮಿ ಮೇಲೆ ಅದನ್ನ ಹಂಗೆ ತಪ್ಪಾಗಿ ಬರಿಯೋರು ಇಬ್ರೇ. ಒಬ್ಬ ಇಲ್ಲಿ ಕೂತಿದೀನಿ. ಅಂದ್ರೆ ಇನ್ನೊಬ್ಬನಿಗೆ ಜೀವ ಇದೆ. ಬರಿಯೋಕೆ ಕೈಯೂ ಇದೆ.

ಅತ್ತೆ. ಗಾಳಿ ಇತ್ತು, ಯಾರೂ ನೋಡ್ಲಿಲ್ಲ.

ಆಮೇಲೆ ಗೊತ್ತಾಯ್ತು. ಹಗ್ಗ ಆ ದಡದ ಕಂಬದ ರಾಟೆಯಿಂದ ಜಾರಿ ಪಕ್ಕದಲ್ಲಿ ಸಿಕ್ಕಾಕ್ಕೊಂಡಿತ್ತು. ಅಪು ಕಂಬ ಹತ್ತಿ ಕೈ ಹಾಕಿದ್ದ. ಪೆಂಗ್ ಕೆಳಗೆ ನಿಂತು ಗಂಟಲು ಹರ್ಕೊಂಡು ಕಾ, ಕಾ ಅಂತಿದ್ದ. ಇನ್ನೊಂದು ಗೇಣು ನಾನು ಎಳೆದಿದ್ರೆ ಅಪುಗೆ ಬೆರಳಿಲ್ಲ. ಹಗ್ಗ ಹರಿದಿದ್ರೆ ಅಪುನೇ ಇಲ್ಲ.

ಮನೇಲಿ ಎಲ್ಲ ಹೇಳಿದೆ. “ನಾನು ಹೆದರ್ಲೇ ಇಲ್ಲ” ಅಂತ ಸೇರ್ಸಿದೆ.

“ಹೌದಾ?” ಅಂದ್ಲು ಅನಿ.

ನಿಲ್ಸಿದೆ.

ನವೆಂಬರ್ 28, ಮಧ್ಯಾಹ್ನ

ಪರೀಕ್ಷೆ ಬೆಳಗ್ಗೆ ಆಯ್ತು. ಮೂವತ್ತೊಂದು. ಪಾಸು!

ತಪ್ಪಾದ ಒಂಬತ್ತರಲ್ಲಿ ‘ಕಾ’ನೂ ಒಂದು. ಚುಕ್ಕೆ ಇಟ್ಟಿರ್ಲಿಲ್ಲ. ಮರ್ತಿರ್ಲಿಲ್ಲ, ಬೇಕಂತಲೇ ಬಿಟ್ಟೆ.

“ಟೀಚರ್, ಇದು ಒಂದು ಜೀವದ ಸುದ್ದಿ ತಂದ ಅಕ್ಷರ.”

“ತಂದಿರ್ಬಹುದು ಅಣ್ಣ. ತಪ್ಪು ತಪ್ಪೇ.” ಕೆಂಪು ಗೀಟು. ಆದ್ರೆ ಈ ಸಲ ಗೀಟು ಸಣ್ಣದು, ಅಕ್ಷರಕ್ಕೆ ತಾಗದ ಹಂಗೆ ಪಕ್ಕದಲ್ಲಿ ಎಳೆದ್ರು.

ಊಟದ ಬಿಡುವು ಇನ್ನೈದು ನಿಮಿಷ. ಮೆಷಿನ್ ಆರಿಸಿ, ವಿಂಚ್ ಪಕ್ಕ ಕೂತು ಬರೀತಿದೀನಿ. ಪೆಂಗ್ ರಜೆ, ಇವತ್ತು ಆ ದಡದಲ್ಲಿ ವಾಕಿಟಾಕಿ ಅಪು ಕೈಲಿ. ಹೊಸ ಟೋಪಿ. ದುರ್ಬೀನು ಬೇರೆ ಸಿಕ್ಕಿದೆ ಅವನಿಗೆ.

“ಭಾವ, ಅದೇನು ಗೀಚ್ತಿದೀಯ? ನನ್ನ ಹೆಸರು ಇದ್ಯಾ?” — ನಮ್ಮ ಭಾಷೇಲೇ.

“ಚೀನಿ ಮಾತ್ರ!” — ಟೀಚರ್ ಗಂಟಲು, ಎಲ್ಲಿಂದ್ಲೋ.

ಅಪು ನಾಲಿಗೆ ಕಚ್ಕೊಂಡಿರ್ಬೇಕು. ಈಗ ಕೆಮ್ಮಿದ. ಗಂಟಲು ಸರಿ ಮಾಡ್ಕೊಂಡ. ಟಿಂಗ್... ಅಂತಿದಾನೆ. ಸಮನಾಗಿದೆಯೋ, ಏರ್ತಿದೆಯೋ — ಏರ್ತಿದೆ, ಮೇಲಕ್ಕೆ ಹೋಯ್ತು, ಅಂದ್ರೆ ನಿಲ್