ನೋಡಲೇಬೇಕಾದ ಕಿಟಕಿ

ಫೆಬ್ರವರಿ ೧೧, ಬುಧವಾರ

ಗಂಡ ಎನಿಸಿಕೊಂಡವರಿಗೆ, ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಹೋಟೆಲಿನ ಗಲ್ಲಾದ ಮೇಲೆ ಕೂತು ಬರೆದಿರಬೇಕು, ಕಾಗದದ ಮೂಲೆಯಲ್ಲಿ ಲೋಟದ ಗುಂಡು ಗುರುತು ಬಿದ್ದಿದೆ. ನೀವು ಹೋದ ಮೇಲೆ ಬಂದ ಮೊದಲ ಪತ್ರ ಇದು. ಕೈಯಲ್ಲಿದ್ದ ಕೆಲಸ ಅರ್ಧಕ್ಕೇ ಬಿಟ್ಟು ಲಕೋಟೆ ಒಡೆದೆ, ಸುಳ್ಳೇಕೆ ಹೇಳಲಿ. ಓದಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು.

ನಾನು ದಿನಾ ಸಂಜೆ ಕಿಟಕಿಯಲ್ಲಿ ದೀಪವಿಟ್ಟು ನಿಮಗಾಗಿ ಕಾಯುತ್ತಿರುವ ಫೋಟೋ ಪೇಪರಿನಲ್ಲಿ ನೋಡಿದಿರಂತೆ, ಕಣ್ಣು ತುಂಬಿ ಬಂತಂತೆ. ಬರುವ ಭಾನುವಾರ ಬಂದುಬಿಡುತ್ತೇನೆ, ಇನ್ನು ಮುಂದೆ ಜೊತೆಯಲ್ಲೇ ಇರೋಣ ಎಂದಿದ್ದೀರಿ. ಬರಬೇಡಿ. ಅಂದರೆ, ಗಂಡನಾಗಿ ಬರಬೇಡಿ. ಯಾಕೆ ಎಂದು ಹೇಳುತ್ತೇನೆ, ಪೂರ್ತಿ ಓದಿ. ಅರ್ಧಕ್ಕೇ ಎದ್ದು ಹೋಗುವುದು ನಿಮ್ಮ ಅಭ್ಯಾಸ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಮೊದಲು ಆ ದೀಪದ ವಿಷಯ. ಅದು ತಗಡಿನ ಟೋಪಿ ಹಾಕಿದ ಒಂದು ಬಲ್ಬು, ಅಷ್ಟೇ. ನೀವು ಹೋದ ಮೇಲೆ ಹೊಟ್ಟೆಪಾಡು ನೋಡಬೇಕಿತ್ತಲ್ಲ, ನನ್ನ ಸೋದರತ್ತೆಯ ಹಳೇ ಹೊಲಿಗೆ ಮಷೀನನ್ನು ಒಳಕೋಣೆಯಿಂದ ಎಳೆದು ತಂದು ಕಿಟಕಿಯ ಪಕ್ಕ ಹಾಕಿಕೊಂಡೆ. ದೋಣಿಗಳಿಗೆ ಹೊದಿಸುವ ತಾಡಪಾಲು ಹೊಲಿಯುತ್ತೇನೆ. ಹರಿದದ್ದಕ್ಕೆ ತೇಪೆ ಹಾಕುತ್ತೇನೆ, ಹಗ್ಗ ತೂರಿಸುವ ಕಡೆ ಹಿತ್ತಾಳೆ ಬಳೆ ಕೂರಿಸುತ್ತೇನೆ. ಅಂಗೈ ಈಗ ಚಪ್ಪಲಿ ಅಟ್ಟೆಯ ಹಾಗಾಗಿದೆ. ನಮ್ಮದು ಮೂರನೇ ಮಹಡಿ, ಮೆಟ್ಟಿಲು ಕಡಿದು ಎನ್ನುವುದು ನಿಮಗೆ ನೆನಪಿರಬಹುದು. ದೋಣಿಯಜ್ಜ ಅಂತ ಒಬ್ಬರಿದ್ದಾರೆ, ನನ್ನ ಮೊದಲ ಗಿರಾಕಿ. ಒಂದು ಸಲ ಅವರು ಒದ್ದೆ ತಾಡಪಾಲು ಹೆಗಲ ಮೇಲೆ ಹೊತ್ತು ಹತ್ತಿ ಬಂದರೆ ಬಾಗಿಲಿಗೆ ಬೀಗ. ಮಾರನೇ ದಿನ ಸಿಕ್ಕಿದವರೇ, ಮಂಡಿ ಚಿಪ್ಪು ಕಳಚಿ ಕೈಗೆ ಬಂತು ಕಣಮ್ಮಾ, ಕೆಲಸ ತಗೊಳ್ಳೋ ದಿನ ಕಿಟಕೀಲೊಂದು ದೀಪ ಹಾಕಿಡು, ದೋಣಿ ಕಟ್ಟೋ ಜೆಟ್ಟಿಯಿಂದಲೇ ನೋಡ್ಕೊಂಡು ಬರ್ತೀನಿ ಅಂದರು. ಅವತ್ತಿನಿಂದ ಅದೇ ರೂಢಿಯಾಯಿತು. ದೀಪ ಉರಿಯುತ್ತಿದ್ದರೆ ಮೇಲೆ ಬನ್ನಿ, ಆರಿದ್ದರೆ ನಾಳೆ ಬನ್ನಿ. ದೋಣಿಯವರಿಗೆಲ್ಲ ಗೊತ್ತು.

ಗೊತ್ತಿಲ್ಲದೆ ಹೋದದ್ದು ನಿಮ್ಮ ತಮ್ಮನಿಗೆ. ಊರೆಲ್ಲ ಅವನನ್ನು ತುತ್ತೂರಿ ಎಂದೇ ಕರೆಯುವುದು, ಈಗ ಕೈಯಲ್ಲೊಂದು ಮೈಕು ಬೇರೆ ಬಂದಿದೆ. ಪ್ರವಾಸಿಗರನ್ನು ಹಿಂದೆ ಹಾಕಿಕೊಂಡು ನೋಡಲೇಬೇಕಾದ ಜಾಗಗಳನ್ನು ತೋರಿಸುತ್ತಾನೆ. ಕೋಟೆ, ಫಿರಂಗಿ, ಹಳೇ ಸುಂಕದ ಕಟ್ಟೆ, ಕೊನೆಗೆ ದೀಪಸ್ತಂಭ. ಸುಂಕದ ಕಟ್ಟೆಯಿಂದ ದೀಪಸ್ತಂಭಕ್ಕೆ ನಮ್ಮ ಓಣಿ ದಾಟಿ ಹೋಗಬೇಕು. ಓಣಿಯಲ್ಲಿ ತೋರಿಸಲು ಏನೂ ಇಲ್ಲ. ಬಿಸಿಲಿಗೆ ಬೆಂದ ಜನ ಸೋಡಾ ಅಂಗಡಿಗೆ ನುಗ್ಗಿದರೆ ಮತ್ತೆ ಒಟ್ಟು ಮಾಡುವಷ್ಟರಲ್ಲಿ ಅವನ ಗಂಟಲು ಹರಿಯುತ್ತಿತ್ತು. ಅಲ್ಲೊಂದು ಕಥೆ ಬೇಕಿತ್ತು, ತಲೆಯೆತ್ತಿದರೆ ಅತ್ತಿಗೆಯ ಕಿಟಕಿ ಕಂಡಿತು.

ತಿಂಗಳುಗಟ್ಟಲೆ ನನಗೆ ಸುಳಿವೇ ಇಲ್ಲ. ಸಂಜೆಯಾದರೆ ಕೆಳಗೆ ಗುಂಪು ನಿಂತು ಮೇಲೆ ನೋಡುತ್ತಿತ್ತು. ಗೋಡೆ ಬಿರುಕು ಬಿಟ್ಟಿದೆಯಲ್ಲ, ಅದನ್ನು ನೋಡುತ್ತಾರೆ ಅಂದುಕೊಂಡೆ. ಬಿರುಕಿನ ಗೋಡೆಗೆ ಯಾರಾದರೂ ಹೂಗುಚ್ಛ ಇಟ್ಟು ಹೋಗುತ್ತಾರಾ? ಬಾಗಿಲಲ್ಲಿ ಹೂವು ಸಿಕ್ಕಾಗಲೂ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ. ಒಂದು ಸಂಜೆ ನೂಲಿನ ಉಂಡೆ ಕೈಜಾರಿ ಕೆಳಗೆ ಬಿತ್ತು. ತರಲು ಇಳಿದರೆ ಮೈಕಿನಲ್ಲಿ ನನ್ನದೇ ಕಥೆ ನಡೆಯುತ್ತಿದೆ. ಈಕೆಯ ಗಂಡ ಕಡಲಿಗೆ ಹೋದ, ಬಿರುಗಾಳಿಗೆ ಸಿಕ್ಕಿದ, ಇವತ್ತಿಗೂ ಈ ಮಹಾತಾಯಿ ದೀಪ ಹಚ್ಚಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾ ಇದ್ದಾಳೆ!

ಕಡಲಿಗೆ! ನೀವು! ಕಟ್ಟಿಹಾಕಿದ ದೋಣಿ ಹತ್ತಿದರೂ ವಾಂತಿ ಮಾಡಿಕೊಳ್ಳುವವರು! ನಾನು ಉಂಡೆ ಎದೆಗವಚಿಕೊಂಡು ಕಂಬದ ಹಿಂದೆ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಮೇಲೆ ಅವನ ಕಿವಿ ಹಿಂಡಿದ್ದಕ್ಕೆ, ಸುಮ್ನಿರಿ ಅತ್ತಿಗೆ, ಜನಕ್ಕೆ ಅಳು ಬೇಕು, ಕೋಟೆ ನೋಡಿದ್ರೆ ಯಾರಿಗೆ ಅಳು ಬರುತ್ತೆ ಅಂದ. ಹಾಳಾಗಿ ಹೋಗಲಿ, ನನ್ನದೇನು ಗಂಟು ಹೋಯಿತು ಎಂದು ನಾನೂ ಬಿಟ್ಟುಬಿಟ್ಟೆ. ಜನ ಬರುತ್ತಿದ್ದರು, ಅಳುತ್ತಿದ್ದರು, ಪೇಪರಿನವರೂ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನಾನು ಹೊಲಿಯುತ್ತಿದ್ದೆ.

ಈ ಸೋಮವಾರ ಪ್ರವಾಸೋದ್ಯಮ ಕಚೇರಿಯ ಮೇಡಂ ಬಂದರು, ಅಳತೆ ಟೇಪು ಹಿಡಿದುಕೊಂಡು. ಕಿಟಕಿಯ ಕೆಳಗೆ ಹಿತ್ತಾಳೆ ಫಲಕ ಹಾಕುತ್ತಾರಂತೆ, ‘ಕಾದವಳ ಕಿಟಕಿ’ ಎಂದು. ಊರಿನ ನಕ್ಷೆಯಲ್ಲೂ ಅಚ್ಚಾಗುತ್ತದಂತೆ, ಕೋಟೆಯ ಸಾಲಿನಲ್ಲಿ. ಒಳ್ಳೆಯವರೇ, ಮಾತು ಮೆತ್ತಗೆ. ಆದರೆ ಏನು ಹೇಳಿದರು ಗೊತ್ತೇ? ಈ ಮಷೀನು, ಈ ತಾಡಪಾಲಿನ ರಾಶಿ ಎಲ್ಲ ಒಳಗೆ ಹಾಕ್ಬಿಡಿ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ನೀವು ತಿಳಿ ಬಣ್ಣದ ಬಟ್ಟೆ ಹಾಕ್ಕೊಂಡು ಸುಮ್ನೆ ಕೂತಿದ್ರೆ ಸಾಕು ಅಂದರು. ಸುಮ್ಮನೆ ಕೂತಿರಬೇಕಂತೆ! ನನ್ನನ್ನು ಇಷ್ಟು ದಿನ ಸಾಕಿದ ಮಷೀನು ಒಳಗೆ, ನನ್ನನ್ನು ಬಿಟ್ಟು ಹೋದವರ ಹೆಸರಿನಲ್ಲಿ ನಾನು ಕಿಟಕಿಯಲ್ಲಿ.

ಅಷ್ಟರಲ್ಲಿ ತುತ್ತೂರಿ ಉಬ್ಬಿಹೋಗಿ ಬಾಯಿಬಿಟ್ಟ. ಭಾನುವಾರ ಫಲಕ ತೆರೆಯೋ ಹೊತ್ತಿಗೆ ಅಣ್ಣಾನೂ ಬಂದಿಳೀತಾನೆ ಅತ್ತಿಗೆ, ಕಥೆಗೆ ಒಂದು ಮುಕ್ತಾಯ ಸಿಗುತ್ತೆ, ಗಡ್ಡ ಬಿಡೋಕೂ ಹೇಳಿದ್ದೀನಿ! ನಿಮ್ಮ ಪತ್ರ ಅದೇ ಮಧ್ಯಾಹ್ನ ಬಂದಿತ್ತು, ನನ್ನ ಸೊಂಟದಲ್ಲೇ ಇತ್ತು. ಕಣ್ಣು ತುಂಬಿ ಬಂದದ್ದನ್ನು ಬರೆದಿದ್ದೀರಿ, ಗಡ್ಡದ ಸುದ್ದಿ ಬರೆದಿಲ್ಲ. ಆ ಕ್ಷಣ ನನಗಾದ ಅವಮಾನ ನಿಮಗೆ ಅರ್ಥವಾಗಲಿಕ್ಕಿಲ್ಲ. ಓದಿ ಬೈದುಕೊಂಡಿದ್ದೆ ನಿಜ, ಆದರೆ ಒಂದು ಮೂಲೆಯಲ್ಲಿ ನಂಬಿಯೂ ಇದ್ದೆ.

ಮೇಡಂ ಸಹಿ ಹಾಕಿ ಎಂದು ಕಾಗದ ಚಾಚಿದರು. ಈ ಮನೆ ನನ್ನ ಸೋದರತ್ತೆ ನನಗೆ ಬಿಟ್ಟುಹೋದದ್ದು, ಗೋಡೆ ನಂದು, ಕಿಟಕಿ ನಂದು, ಮೊಳೆ ಹೊಡೆಯೋಕೆ ಬಿಡಲ್ಲ ಎಂದುಬಿಟ್ಟೆ. ತುತ್ತೂರಿಯ ಮುಖ ಸಪ್ಪಗಾಯಿತು. ಒಂದ್ಸಲ ಯೋಚ್ನೆ ಮಾಡಿ ಅತ್ತಿಗೆ, ಊರಿಗೇ ಹೆಸರು ಬರುತ್ತೆ ಎಂದು ಗೋಗರೆದ. ಊರಿಗೆ ಹೆಸರು ಬೇಕಾದರೆ ಕೋಟೆಯ ಮೇಲೆ ನೀನೇ ದೀಪ ಹಿಡಿದು ನಿಂತುಕೋ ಎಂದೆ.

ನಿನ್ನೆ ಸಂಜೆ ಎಂದಿನಂತೆ ಗುಂಪು ಬಂತು. ಅವನು ಇನ್ನೂ ಹಠ ಬಿಟ್ಟಿರಲಿಲ್ಲ, ಮೈಕಿನಲ್ಲಿ ಬಿರುಗಾಳಿ ಎಬ್ಬಿಸುತ್ತಿದ್ದ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ: ಬಿರುಗಾಳಿಯೂ ಇಲ್ಲ ಮಣ್ಣೂ ಇಲ್ಲ ಸ್ವಾಮೀ, ನನ್ನ ಗಂಡ ಹೋಟೆಲಿನ ಗಲ್ಲಾದಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದಾರೆ, ಈ ದೀಪ ನನ್ನ ಅಂಗಡಿಯ ಬೋರ್ಡು! ಕರವಸ್ತ್ರ ಹಿಡಿದಿದ್ದವರೆಲ್ಲ ಕಕ್ಕಾಬಿಕ್ಕಿ. ಒಬ್ಬಾಕೆ ಮಾತ್ರ ಚಪ್ಪಾಳೆ ತಟ್ಟಿದಳು. ದೋಣಿಯಜ್ಜ ತಾಡಪಾಲು ಹೊತ್ತು ಅವರ ನಡುವೆ ದಾರಿ ಮಾಡಿಕೊಂಡು, ಪಕ್ಕಕ್ಕೆ ಸರೀರಪ್ಪಾ, ದೀಪ ಉರೀತಿದೆ, ನಂಗೆ ಕೆಲಸ ಇದೆ ಎನ್ನುತ್ತಾ ಮೆಟ್ಟಿಲು ಹತ್ತಿದರು. ಇವತ್ತು ಬೆಳಿಗ್ಗೆ ಉಳಿದ ತಾಡಪಾಲಿನ ತುಂಡಿನ ಮೇಲೆ ಕಪ್ಪು ಬಣ್ಣದಲ್ಲಿ ನಾನೇ ಬರೆದು ಕಿಟಕಿಗೆ ಇಳಿಬಿಟ್ಟಿದ್ದೇನೆ: ‘ದೋಣಿಯ ತಾಡಪಾಲು ಹೊಲಿಯಲಾಗುತ್ತದೆ. ಯಾರಿಗೂ ಕಾಯುತ್ತಿಲ್ಲ.’ ಅಕ್ಷರ ಸ್ವಲ್ಪ ಸೊಟ್ಟಗಿದೆ, ಆದರೆ ಜೆಟ್ಟಿಯಿಂದ ಓದಬಹುದು.

ಇಷ್ಟಾದ ಮೇಲೂ ಬರುವ ಮನಸ್ಸಿದ್ದರೆ ಪ್ರವಾಸಿಯಾಗಿ ಬನ್ನಿ. ಊರು ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಗಡ್ಡ ಬೋಳಿಸಿಕೊಂಡು ಬನ್ನಿ, ಇಲ್ಲಿ ಸೆಕೆ ಜಾಸ್ತಿ. ಕೋಟೆಗೆ ಬೆಳಿಗ್ಗೆಯೇ ಹೋಗಿ, ಹೊತ್ತೇರಿದರೆ ಕಲ್ಲು ಕಾಯುತ್ತದೆ. ಫಿರಂಗಿಯ ಮೇಲೆ ಈಗ ಕೂರಲು ಬಿಡುವುದಿಲ್ಲ, ಸುತ್ತ ಸರಪಳಿ ಹಾಕಿದ್ದಾರೆ. ಗೆಳೆಯರ ಜೊತೆ ಅದರ ಮೇಲೆ ಕೂತು ನೀವು ಎಷ್ಟು ವ್ಯಾಪಾರ ಶುರು ಮಾಡಿ ಮುಗಿಸಿದ್ದೀರೋ, ಅದಕ್ಕೇ ಗೊತ್ತು. ಸುಂಕದ ಕಟ್ಟೆಯಲ್ಲಿ ದೊಡ್ಡ ಲಂಗರೊಂದಿದೆ, ನೋಡಿ. ದೀಪಸ್ತಂಭ ಮಾತ್ರ ತಪ್ಪಿಸಬೇಡಿ. ಮದುವೆಯಾದ ಹೊಸತರಲ್ಲಿ ಇಬ್ಬರೂ ಹತ್ತಲು ಹೊರಟೆವು. ನೀವು ಅರ್ಧದಲ್ಲಿ ಕಾಲು ನೋವೆಂದು ಕೂತಿರಿ, ನಾನೊಬ್ಬಳೇ ಮೇಲೆ ಹೋದೆ. ಮನೆಗೆ ಬಂದು, ತುದಿಯಿಂದ ಕಡಲು ಹೇಗೆ ಕಾಣುತ್ತದೆಂದು ಎಲ್ಲರಿಗೂ ನೀವೇ ವರ್ಣಿಸಿದಿರಿ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೆ. ಈ ಸಲ ಪೂರ್ತಿ ಹತ್ತಿ, ಅಲ್ಲಿಂದ ಕಾಣುವುದು ನೀವು ಹೇಳಿದ ಹಾಗಿಲ್ಲ.

ನಮ್ಮ ಓಣಿಯಲ್ಲಿ ಹಾದು ಹೋಗುವಾಗ ಮೇಲೆ ನೋಡಬೇಕು ಅನ್ನಿಸಿದರೆ ನೋಡಿ, ಬೇಡವೆನ್ನಲು ನಾನು ಯಾರು. ದೀಪ ಉರಿಯುತ್ತಿದ್ದರೆ ಕೈಯಲ್ಲಿ ಕೆಲಸ ಇದೆ ಎಂದು ಅರ್ಥ. ಹರಿದ ತಾಡಪಾಲು ತಂದಿದ್ದರೆ ಹತ್ತಿ ಬನ್ನಿ, ಬೇರೆ ಏನೇ ಹರಿದಿದ್ದರೂ ನಾನು ಹೊಲಿಯುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ. ಹೋಟೆಲಿನವರ ಮಾತು ಕಟ್ಟಿಕೊಂಡು ಎಣ್ಣೆ ಪದಾರ್ಥ ಜಾಸ್ತಿ ತಿನ್ನಬೇಡಿ, ನಿಮಗೆ ಆಗುವುದಿಲ್ಲ.

ಇತಿ,
ಮೂರನೇ ಮಹಡಿಯ ತಾಡಪಾಲಿನವಳು

ತಾ.ಕ.: ಒಂದು ಮಾತು ಮುಚ್ಚಿಟ್ಟು ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ನಾನು ಕಾದಿದ್ದೆ. ಕಿಟಕಿಯಲ್ಲಲ್ಲ, ಕಡಲು ನೋಡುತ್ತಲೂ ಅಲ್ಲ. ಒಂದು ವಾರದಲ್ಲಿ ಬರುತ್ತೇನೆ ಎಂದು ನೀವು ಹತ್ತಿದ್ದು ಬಸ್ಸು, ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಶೌಚಾಲಯದ ಗೋಡೆಗೆ ತಾಗಿ ಒಂದು ಕಲ್ಲಿನ ಬೆಂಚಿದೆ, ಇಡೀ ಒಂದು ವರ್ಷ ಸಂಜೆಯ ಬಸ್ಸು ಖಾಲಿಯಾಗುವ ತನಕ ಅಲ್ಲಿ ಕೂತಿರುತ್ತಿದ್ದೆ. ಅಲ್ಲಿ ಯಾರೂ ನನ್ನ ಫೋಟೋ ತೆಗೆಯಲಿಲ್ಲ. ಭಾನುವಾರದೊಳಗೆ ಮುಟ್ಟಲೆಂದು ಈ ಪತ್ರವನ್ನು ಬಸ್ಸಿನಲ್ಲೇ ಕಳಿಸುತ್ತಿದ್ದೇನೆ. ತಂದುಕೊಡುವ ಕಂಡಕ್ಟರನ್ನು ಕೇಳಿ, ನನ್ನ ಗುರುತು ಅವರಿಗೆ ಹೇಗೆ ಎಂದು. ಭಾನುವಾರ ನಿಮ್ಮ ವಾಪಸು ಬಸ್ಸು ಅಲ್ಲಿಂದಲೇ ಹೊರಡುವುದು. ಸ್ವಲ್ಪ ಮುಂಚೆ ಹೋಗಿ ಆ ಬೆಂಚಿನ ಮೇಲೆ ಕೂತುಕೊಳ್ಳಿ. ಈ ಊರಿನಲ್ಲಿ ನೀವು ನೋಡಲೇಬೇಕಾದ ಜಾಗ ಅದೊಂದೇ.