ಬೋಡಿಲಳ ಪರೀಕ್ಷೆಯ ದಿನ ಅರ್ಧಕ್ಕೆ ನಿಂತ ಬಾವುಟ

ವೆಸ್ಟರ್ಬಿ, ಮೋರ್ಸ್ ದ್ವೀಪ
ಜೂನ್ ೨೧, ೧೯೭೯

ಪ್ರೀತಿಯ ತಂಗಿ ಗುಡ್ರುನ್,

ಇಡೀ ಡೆನ್ಮಾರ್ಕಿನಲ್ಲಿ ರಸಾಯನಶಾಸ್ತ್ರವನ್ನು ನನ್ನಷ್ಟು ಅರೆದು ಕುಡಿದವನು ಇನ್ನೊಬ್ಬನಿಲ್ಲ ಎಂಬ ಸುದ್ದಿ ನೀನಿರುವ ಗ್ರೀನ್‌ಲ್ಯಾಂಡಿಗೂ ತಲುಪಿರಬೇಕು. ಕೋಪನ್‌ಹೇಗನ್ನಿನ ಪ್ರೊಫೆಸರುಗಳು ಸಂದೇಹ ಬಂದಾಗಲೆಲ್ಲ ನನ್ನ ಹಂದಿಗೂಡಿನ ಬಾಗಿಲಿಗೆ ಬಂದು ಟೊಪ್ಪಿ ತೆಗೆದು ನಿಲ್ಲುತ್ತಾರೆ. ಅದಿರಲಿ, ನೀನು ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಆಸ್ಪತ್ರೆಯಲ್ಲಿ ಎರಡೆರಡು ಪಾಳಿ ಒಟ್ಟಿಗೆ ಮಾಡುವ ಹುಚ್ಚು ಬಿಟ್ಟೆಯೋ ಇಲ್ಲವೋ? ಇಲ್ಲಿ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಎಷ್ಟು ಗಟ್ಟಿಯೆಂದರೆ, ನಿನ್ನೆ ತನ್ನ ಸಾವಿಗೆ ಬಂದವರಿಗೆ ತಾನೇ ಕಾಫಿ ಮಾಡಿಕೊಟ್ಟಳು. ಗಾಬರಿಯಾಗಬೇಡ, ಮುಂದೆ ಓದು. ನಿನ್ನೆ ಸಂಜೆ ನಾವು ಕಳಿಸಿದ ತಂತಿಯಲ್ಲಿ ಎರಡೇ ಪದ ಇದ್ದದ್ದು ನನ್ನ ಜಿಪುಣತನದಿಂದಲ್ಲ, ಒಂದೊಂದು ಪದಕ್ಕೂ ಅವರು ಕೀಳುವ ದುಡ್ಡಿನಿಂದ. ಆ ಎರಡು ಪದಗಳ ಹಿಂದೆ ಏನೇನು ನಡೆಯಿತು ಎಂಬುದನ್ನು ಈಗ ಬರೆಯುತ್ತೇನೆ.

ವಸಂತದಲ್ಲಿ ನಿನ್ನ ಮಗಳು ಬೋಡಿಲಳಿಗೆ ರಸಾಯನಶಾಸ್ತ್ರದಲ್ಲಿ ಬಂದ ಅಂಕ ನಿನಗೆ ಗೊತ್ತೇ ಇದೆ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಆರಕ್ಕಿಂತ ಕೆಳಗಿಳಿದರೆ ಪಶುವೈದ್ಯ ಕಾಲೇಜಿನ ಆಸೆ ಬಿಡು ಎಂದು ಅವಳ ಮೇಷ್ಟ್ರು ಮುಖದ ಮೇಲೇ ಹೇಳಿದ್ದರು. ಅಂದಿನಿಂದ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ಆಗ ನಾನು ಮುಂದೆ ಬಂದೆ. ದಿನ ಬಿಟ್ಟು ದಿನ ನಡೆಯುತ್ತಿದ್ದ ನಮ್ಮ ಹಳ್ಳಿ ಶಾಲೆಯಲ್ಲಿ ನಾನು ಕಲಿತದ್ದು ಅರ್ಧ, ಉಳಿದರ್ಧವನ್ನು ಊಹಿಸಿಕೊಂಡವನು. ಆದರೂ ಪರೀಕ್ಷೆಯ ಕೋಣೆಯಲ್ಲಿ ಇಡುವ ಹಾಗೆಯೇ ಪಾಠಗಳ ಹೆಸರು ಬರೆದ ಚೀಟಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಮಗುಚಿ ಹರಡುತ್ತಿದ್ದೆ. ಅವಳು ಒಂದನ್ನು ಎತ್ತಬೇಕು, ಎದ್ದು ನಿಂತು ಹೇಳಬೇಕು. ನಾನೇ ಮೇಷ್ಟ್ರು, ಅಮ್ಮ ಹೊರಗಿನಿಂದ ಬಂದ ಪರೀಕ್ಷಕಿ. ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಆದರೆ ಹುಡುಗಿ ಛಾವಣಿ ನೋಡುತ್ತಾ ಹೇಳಿದರೆ ತಪ್ಪು, ನನ್ನ ಮುಖ ನೋಡುತ್ತಾ ಹೇಳಿದರೆ ಸರಿ ಎಂದು ಕಂಡುಕೊಂಡೆ. ಆಮ್ಲದ ಪಾಠ ಬಂದ ದಿನ ಅವಳು ಅಮ್ಮನ ಕೆಂಪು ಎಲೆಕೋಸಿನ ರಸಕ್ಕೆ ಸೋಡಾ ಹಾಕಿ ನೀಲಿ ಮಾಡಿದಳು. ಅಮ್ಮ ಸೌಟು ಹಿಡಿದು, "ಕ್ರಿಸ್‌ಮಸ್ಸಿಗೆ ಅಂತ ಎತ್ತಿಟ್ಟಿದ್ದೆ ಕಣೇ! ಬಾತುಕೋಳಿ ಜೊತೆ ಇನ್ನು ಶಾಯಿ ತಿನ್ನೋಣ್ವಾ?" ಎಂದು ಕೂಗಾಡಿದಳು. ಎಲ್ಲ ಚೀಟಿಗಳಲ್ಲಿ ಅವಳು ಹೆದರುತ್ತಿದ್ದುದು ಒಂದಕ್ಕೇ, ರಾಸಾಯನಿಕ ಸಮತೋಲನ. ಅದು ಬಂದಾಗಲೆಲ್ಲ ಛಾವಣಿಯೇ ಗತಿ.

ನಿನ್ನೆ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಅವಳು ನನಗೆ ಆಣೆ ಹಾಕಿಸಿದಳು. "ಮಾಮ, ನೀನು ಶಾಲೆಗೆ ಬರಬೇಡ. ಹೊರಗೆ ನಿಂತು ನೀನು ಕೆಮ್ಮಿದ್ರೆ ಒಳಗೆ ನನಗೆ ಎಲ್ಲಾ ಮರೆತುಹೋಗತ್ತೆ. ಫೋನೂ ಮಾಡಲ್ಲ, ಬಂದೇ ಹೇಳ್ತೀನಿ." ಪಾಸಾದವರು ಹಾಕುವ ಬಿಳಿ ಟೊಪ್ಪಿಯನ್ನೂ ಮನೆಯಲ್ಲೇ ಬಿಟ್ಟು ಹೋದಳು. ಪಾಸಾದರೆ ಅಜ್ಜಿಯ ಕೈಯಿಂದಲೇ ಹಾಕಿಸಿಕೊಳ್ಳುತ್ತಾಳಂತೆ. ನಾನು ಹಂದಿಗಳಿಗೆ ಹಾಕಿದ್ದ ಮೇವನ್ನೇ ಮತ್ತೆ ಹಾಕಿದೆ. ಕೂತಲ್ಲಿ ಕೂರಲಾಗಲಿಲ್ಲ. ಮಕ್ಕಳು ಪಾಸಾದ ಮನೆಯಲ್ಲಿ ಬಾವುಟ ಹಾರಬೇಕು ತಾನೇ, ಈಗಲೇ ಏರಿಸಿಬಿಟ್ಟರೆ ಅವಳು ರಸ್ತೆಯ ತಿರುವಿನಿಂದಲೇ ನೋಡುತ್ತಾಳೆ ಎಂದುಕೊಂಡು ಏರಿಸಿಯೇಬಿಟ್ಟೆ. ಕಂಬದ ತುದಿಯಲ್ಲಿ ಅದು ಪಟಪಟ ಎನ್ನುವುದನ್ನು ನೋಡುತ್ತಿದ್ದ ಹಾಗೆ ಇನ್ನೊಂದು ಯೋಚನೆ ಬಂತು. ಹುಡುಗಿ ಫೇಲಾಗಿ ಅಳುತ್ತಾ ಬಂದು ಈ ಬಾವುಟ ನೋಡಿದರೆ? ಗಡಿಬಿಡಿಯಿಂದ ಹಗ್ಗ ಬಿಟ್ಟೆ. ಅರ್ಧ ಇಳಿಯಿತು, ಮೇಲಿನ ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡಿತು. ಎಳೆದರೆ ಕೆಳಗೂ ಬಾರದು, ಮೇಲಕ್ಕೂ ಹೋಗದು.

ಅರ್ಧಕ್ಕೆ ನಿಂತ ಬಾವುಟ ಕಂಡರೆ ನಮ್ಮ ಊರು ಸಾವಿನ ಮನೆಯೆಂದುಕೊಳ್ಳುತ್ತದೆ ಎಂದು ನಿನಗೆ ನಾನು ಹೇಳಬೇಕೇ? ನಾನು ಕೊಟ್ಟಿಗೆಯಲ್ಲಿ ಏಣಿ ಹುಡುಕುವಷ್ಟರಲ್ಲಿ ಪಕ್ಕದ ಮನೆಯ ಮೋಗನ್ಸ್ ಕಪ್ಪು ಟೈ ಕಟ್ಟಿಕೊಂಡು, ಹೆಂಡತಿ ಕೃಸ್ಟಿನೆಯ ಕೈಗೆ ಬಿಳಿ ಹೂಗಳನ್ನು ಕೊಟ್ಟು ಬಾಗಿಲು ತಟ್ಟಿದ. ಬಾಗಿಲು ತೆರೆದವಳು ಅಮ್ಮ. ಅವಳೇ ಹೇಳಿದ್ದನ್ನು ಬರೆಯುತ್ತೇನೆ. ಟೈಯನ್ನೂ ಹೂವನ್ನೂ ನೋಡಿ, "ಯಾರು ಹೋಗಿದ್ದು?" ಎಂದು ಇವಳು ಕೇಳಿದಳಂತೆ. "ನೀವೇ ಅಂತ ಬಂದ್ವಿ, ಆಸ್ಟಮ್ಮ" ಎಂದನಂತೆ ಮೋಗನ್ಸ್. "ನನಗೆ ಯಾರೂ ಹೇಳ್ಲೇ ಇಲ್ವಲ್ಲ! ಸರಿ, ಹೂವು ನೀರಿಗೆ ಹಾಕ್ತೀನಿ, ಒಳಗೆ ಬನ್ನಿ, ಕಾಫಿ ಇಡ್ತೀನಿ." ನಾನು ಏಣಿ ಹೊತ್ತು ಬರುವಷ್ಟರಲ್ಲಿ ಇನ್ನೂ ಎರಡು ಮನೆಯವರು ಕೇಕು ಹಿಡಿದು ಒಳಗೆ ಕೂತಿದ್ದರು. ಅಮ್ಮ ಮಧ್ಯದಲ್ಲಿ, ಕೇಕಿನ ದೊಡ್ಡ ತುಂಡು ತಟ್ಟೆಯಲ್ಲಿಟ್ಟುಕೊಂಡು, ತನ್ನ ಬಗ್ಗೆ ಯಾರು ಯಾರು ಏನೇನು ಒಳ್ಳೆಯ ಮಾತು ಹೇಳಬೇಕೆಂದಿದ್ದರು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

ಆಗ ಬಸ್ಸು ಬಂತು. ಕಿಟಕಿಯಿಂದ ನೋಡಿದೆ. ಬೋಡಿಲ್ ತಿರುವಿನಲ್ಲಿ ಇಳಿದಳು, ತಲೆಯೆತ್ತಿದಳು, ಚೀಲವನ್ನು ರಸ್ತೆಯಲ್ಲೇ ಎಸೆದು ಓಡಿಬಂದಳು. ಬಾಗಿಲಿಗೆ ಬರುವಾಗ ಕಣ್ಣು ಮೂಗು ಎಲ್ಲ ಒದ್ದೆ, ಏದುಸಿರು. ಗುಡ್ರುನ್, ಅಷ್ಟು ದೂರದಲ್ಲಿ ಕೂತಿರುವ ನಿನಗೆ ಏನೆಂದು ಬರೆಯಲಿ ಎಂಬುದೇ ಮೊದಲು ತಲೆಗೆ ಬಂತು. ಅವಳನ್ನು ಹಿಡಿದುಕೊಂಡು, "ಹೋಗ್ಲಿ ಬಿಡು ಮಗಳೇ, ಮುಂದಿನ ವರ್ಷ ನೋಡ್ಕೊಳ್ಳೋಣ" ಎಂದೆ. ಅವಳು ನನ್ನನ್ನು ತಳ್ಳಿ, "ಅಜ್ಜಿ ಎಲ್ಲಿ?" ಎಂದು ಕಿರುಚಿದಳು. "ಇಲ್ಲೇ ಇದೀನಲ್ಲೇ, ಚಪ್ಪಲಿ ಬಿಟ್ಟು ಬಾ" ಎಂದಳು ಅಮ್ಮ. ಹುಡುಗಿ ಅಲ್ಲೇ ನೆಲಕ್ಕೆ ಕುಸಿದು ನಗಲು ಶುರುಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ವರ್ಷ ಏನು ಮಾಮ? ನನಗೆ ಎಂಟು ಬಂದಿದೆ!"

ಎಂಟು! ಅದೂ ಯಾವ ಚೀಟಿಗೆ? ಸಮತೋಲನಕ್ಕೇ. ಮೊದಲು ಛಾವಣಿಯನ್ನೇ ನೋಡಿದಳಂತೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ನನ್ನ ಹಾಗೆಯೇ ಕಿವಿಯಲ್ಲಿ ಕೂದಲು ಬೆಳೆದಿದೆಯಂತೆ. ಅದನ್ನು ನೋಡಿದ ಮೇಲೆ ಅಡುಗೆಮನೆಯಲ್ಲಿ ನಿಂತ ಹಾಗಾಗಿ ಮಾತು ತಾನಾಗಿ ಬಂತಂತೆ. ರಸಾಯನಶಾಸ್ತ್ರಕ್ಕೆ ನನ್ನ ಕಿವಿಯ ಕೊಡುಗೆ ಇದು. ಅಮ್ಮ ಎದ್ದು ನಿಂತು ಟೊಪ್ಪಿ ಹಾಕಿದಳು. ಅದು ಸ್ವಲ್ಪ ವಾರೆಯಾಯಿತು, ಬೋಡಿಲ್ ಸರಿಮಾಡಿಕೊಳ್ಳಲಿಲ್ಲ, ಇವತ್ತೂ ಹಾಗೇ ಹಾಕಿಕೊಂಡು ತಿರುಗುತ್ತಿದ್ದಾಳೆ. ಸಾವಿಗೆ ಬಂದವರೆಲ್ಲ ಅಂಗಳಕ್ಕೆ ಬಂದು ಹಾಡಿದರು. ಮೋಗನ್ಸ್ ಏಣಿ ಹತ್ತಿ ಹಗ್ಗ ಬಿಡಿಸಿ, "ಲೋ ಏಸ್ಕಿಲ್, ಇಷ್ಟೊಂದು ರಸಾಯನ ಕಲಿತೋನಿಗೆ ಒಂದು ಗಂಟು ಬಿಚ್ಚೋಕೆ ಬರಲ್ವಾ?" ಎಂದು ಮೇಲಿನಿಂದಲೇ ಚುಚ್ಚಿದ. ಅವನ ಜೊತೆ ಕಟ್ಟಿದ್ದ ಒಂದು ಸಣ್ಣ ಪಂದ್ಯವನ್ನೂ ನಾನು ನಿನ್ನೆ ಸೋತೆ. ಒಂದೆರಡು ಬಿಯರಿನ ಮಾತು, ಬಿಡು.

ತಂತಿಯಲ್ಲಿದ್ದ 'ಬೋಡಿಲ್ ಪಾಸು' ಎಂಬ ಎರಡು ಪದಗಳ ಕಥೆ ಇಷ್ಟು. ಇನ್ನು ನೀನು ನೆಮ್ಮದಿಯಿಂದ ಮಲಗು. ಶರತ್ಕಾಲದ ಮೊದಲ ಹಡಗಿಗೇ ಹೊರಟು ಬಾ. ಅಮ್ಮನ ಆಶೀರ್ವಾದ, ಬೋಡಿಲಳ ಮುತ್ತುಗಳು, ಹಂದಿಗಳ ನಮಸ್ಕಾರ.

ನಿನ್ನ ಬುದ್ಧಿವಂತ ಅಣ್ಣ,
ಏಸ್ಕಿಲ್

ತಾ.ಕ.: ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ. ಕೃಸ್ಟಿನೆ ನಿನಗೆ ಪತ್ರ ಬರೆಯುತ್ತಾಳಂತೆ, ಅವಳಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ಹುಡುಗಿ ಪಾಸಾಗುತ್ತಾಳೆ ಎಂದು ಪಂದ್ಯ ಕಟ್ಟಿದವನು ಮೋಗನ್ಸ್. ಫೇಲಾಗುತ್ತಾಳೆ ಎಂದವನು ನಾನು. ಬಯ್ಯಬೇಡ, ಕೇಳು. ಅವಳು ಫೇಲಾಗಿದ್ದರೆ ಆಲ್ಬೋರ್ಗಿನಲ್ಲಿ ಒಂದು ವರ್ಷ ಸಂಜೆ ತರಗತಿಗೆ ಸೇರಿಸಬೇಕಿತ್ತು, ಆ ಫೀಜಿಗಾಗಿ ನೀನು ಇನ್ನೊಂದು ಚಳಿಗಾಲ ಆ ಹಿಮದಲ್ಲೇ ಉಳಿಯುತ್ತಿದ್ದೆ. ಗೆದ್ದ ದುಡ್ಡಿನಲ್ಲಿ ನಾನೇ ಕಟ್ಟಿಬಿಡೋಣ ಎಂದುಕೊಂಡೆ. ಬೋಡಿಲಳಿಗೆ ಹೇಳಬೇಡ. ಒಂದೆರಡು ಬಿಯರು ಎಂದದ್ದು ಸುಳ್ಳು. ಫೀಜು ಎಷ್ಟೋ ಪಂದ್ಯವೂ ಅಷ್ಟೇ, ಒಂಬೈನೂರು ಕ್ರೋನ. ಅಷ್ಟೂ ಹೋಯಿತು, ದೇವರು ದೊಡ್ಡವನು.