ಹಸಿ ಮರಳಿನೊಳಗಿನ ಗಡಿಗೆ

ಅಂಕಲಿ, 9 ಫೆಬ್ರವರಿ 1997

ಬೆಳಗಿನ ಸೂಜಿ ಆಯಿತು. ಹೊಟ್ಟೆಯ ಮಡಿಕೆ ಹಿಡಿದು ಚುಚ್ಚಿಕೊಳ್ಳುವುದು ಈಗ ರೂಢಿ. ಹಸಿವು ತಗ್ಗಿಸಿ ಮೈ ಇಳಿಸುವ ಹಾರ್ಮೋನಂತೆ, ಇನ್ನೂ ಟ್ರಯಲ್‌ನಲ್ಲಿದೆ— ತಂಪಿನಲ್ಲಿಡಿ ಅಂದಿದ್ದಾರೆ ಮಿರಜಿನ ಡಾಕ್ಟರು. ಮನೆಯ ಫ್ರಿಜ್ಜಿನಲ್ಲಿಟ್ಟರೆ ಹೆಂಡತಿ ಕಸ್ತೂರೆವ್ವ ಕೇಳುತ್ತಾಳೆ. ಏನಂತ ಹೇಳಲಿ? ಅವಳ ತಮ್ಮನ ಲಗ್ನದಲ್ಲಿ ನಾನು ಕೂತ ಪ್ಲಾಸ್ಟಿಕ್ ಕುರ್ಚಿ ಮುರಿದಾಗ ಅವಳೂ ನಕ್ಕಿದ್ದಳು.

ಅದಕ್ಕೇ ಕಬ್ಬಿನ ಹೊಲದ ಪಂಪ್ ಮನೆಯಲ್ಲಿ ಔಷಧದ ಗಡಿಗೆ, ಸುತ್ತ ಹಸಿ ಮರಳು. ನೀರು ಚಿಮುಕಿಸುವುದು ಆಳು ಭೀಮಸಿ. ಅವನೊಬ್ಬನಿಗೇ ಗೊತ್ತು.

"ಯಾತರ ಔಷಧರೀ ಸಾವಕಾರ್ರ?"

"ಊಟ ಬ್ಯಾಡ ಅನಸೂ ಔಷಧ."

"ಅಯ್ಯ ಶಿವನ! ಅದಕ್ಕೂ ಔಷಧ ಬೇಕರೀ?" ನಕ್ಕ. ಅವನು ನಕ್ಕರೆ ಬೇಜಾರಾಗುವುದಿಲ್ಲ.

16 ಫೆಬ್ರವರಿ

ಮಗಳು ಕುಸುಮನ ಸಂಬಂಧಕ್ಕೆ ರಾಯಬಾಗದವರು ಹೊಲ ನೋಡಲು ಬಂದರು. ಹುಡುಗನ ಸೋದರಮಾವ ರಾವಸಾಹೇಬ ಬಾವಿ ನೋಡಿದ, ಕಬ್ಬು ನೋಡಿದ. ಮೋಟರ್ ನೋಡಬೇಕೆಂದು ಪಂಪ್ ಮನೆಗೇ ನುಗ್ಗಿದ. ಕುಡಿಯುವ ನೀರಿರಬೇಕೆಂದು ಗಡಿಗೆಯ ಮುಚ್ಚಳ ತೆಗೆದ. ಒಳಗೆ ಸೂಜಿಗಳು.

"ಯಾರವರೀ ಇವು?"

ಬಾಗಿಲ ತುಂಬ ಮಂದಿ. ಆ ಕುರ್ಚಿ ಮುರಿದ ದಿನದ ನಗುವೇ ಕಿವಿಯಲ್ಲಿ. "ಭೀಮಸೀವು" ಅಂದುಬಿಟ್ಟೆ.

ಭೀಮಸಿ ಒಣಕಲು ಮನುಷ್ಯ. ರಾವಸಾಹೇಬ ಅವನನ್ನು ಮೇಲಿಂದ ಕೆಳಗೆ ನೋಡಿ ಹಿಂದೆ ಸರಿದ. "ಏಡ್ಸ್ ಇದ್ದೀತು. ದೂರ ಇಡ್ರಿ ಇವನ್ನ." ಭೀಮಸಿ ನನ್ನ ಮುಖ ನೋಡಿದ. ಆಮೇಲೆ ಗಡಿಗೆಯ ಮುಚ್ಚಳ ಹಾಕಿದ. ನಾನು ಬಂದವರನ್ನು ಊಟಕ್ಕೆ ಕರೆದೆ. ಸಂಬಂಧ ಗಟ್ಟಿಯಾಯಿತು. ಥೂ ನನ್ನ ಜನ್ಮಕ್ಕೆ.

5 ಮಾರ್ಚ್

ಚಹಾದಂಗಡಿಯಲ್ಲಿ ಭೀಮಸಿಗೆ ಕಪ್ಪು ಕೊಡುತ್ತಿಲ್ಲವಂತೆ. ಹೆಂಡತಿ ತಾರವ್ವ ತವರಿಗೆ ಹೋಗಿದ್ದಾಳೆ, ಯಡೂರಿಗೆ. ಸಂಜೆ ಬಂದ. ಕಟ್ಟೆ ಹತ್ತಲಿಲ್ಲ.

"ಸೂಜಿ ನಿಮ್ಮವಂತ ಊರಿಗೆಲ್ಲಾ ಹೇಳಬ್ಯಾಡ್ರಿ, ಕುಸುಮವ್ವನ ಲಗ್ನ ಐತಿ. ತಾರವ್ವಗಷ್ಟ ಹೇಳ್ರಿ ಸಾವಕಾರ್ರ. ನಾ ಹೇಳಿದ್ರ ನಂಬವಲ್ಲಳು."

ಹೂಂ ಅಂದೆ. ಯಡೂರು ಎಷ್ಟು ದೂರ? ಹೋಗಲಿಲ್ಲ...

20 ಮಾರ್ಚ್

ಮಿರಜಿಗೆ ಹೋಗಿ ಬಂದೆ. ತೂಕ ಮತ್ತೂ ಇಳಿದಿದೆ. ಡಾಕ್ಟರಿಗೆ ಖುಷಿ, ಔಷಧ ಕೆಲಸ ಮಾಡುತ್ತಿದೆ ಎಂದು ಬರೆದುಕೊಂಡರು. ಆದರೆ ರಾಯಬಾಗದವರು ಹೊಲ ನೋಡಿದ ದಿನದಿಂದ ಒಂದು ಸೂಜಿಯನ್ನೂ ಚುಚ್ಚಿಕೊಂಡಿಲ್ಲ. ಊಟಕ್ಕೆ ಕೂತು ಅರ್ಧಕ್ಕೇ ಎದ್ದುಬಿಡುತ್ತೇನೆ, ಅಷ್ಟೇ. ಅವರಿಗೂ ಹೇಳಲಿಲ್ಲ.

12 ಏಪ್ರಿಲ್, ಮಧ್ಯಾಹ್ನ

ನಾಳೆ ಅರಿಷಿಣ. ಬೀಗರು ಪಡಸಾಲೆಯಲ್ಲಿದ್ದಾರೆ. ಅಂಗಳದಲ್ಲಿ ಭೀಮಸಿ, ಹಿಂದೆ ತಾರವ್ವ. ಹೇಗೋ ಕರೆತಂದಿದ್ದಾನೆ. "ಆ ಮನಷ್ಯಾನ್ನ ಒಳಗ ಬಿಡಬ್ಯಾಡ್ರಿ!" ರಾವಸಾಹೇಬನ ದನಿ. ತಾರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಕೋಣೆಯ ಕಿಟಕಿಯಿಂದ ಎಲ್ಲ ಕಾಣುತ್ತಿದೆ.

ಆಮೇಲೆ ಹೊಲದ ಮೂಲೆಯಲ್ಲಿ ನಾನೇ ಹೂತಿಟ್ಟಿದ್ದ ಸೂಜಿಯ ಗಡಿಗೆ ಬೆಳಿಗ್ಗೆಯೇ ಅಗೆದು ತಂದೆ. ಪಾದದ ಬಳಿಯೇ ಇದೆ. ಬರೀ ಬಾಯಿಮಾತು ಯಾರು ನಂಬುತ್ತಾರೆ? ಎಲ್ಲರೆದುರು ಅಂಗಿ ಎತ್ತಬೇಕು. ಈ ಹೊಟ್ಟೆ ತೋರಿಸಬೇಕು. ಸೂಜಿ ಎಲ್ಲಿ ಚುಚ್ಚಿಕೊಳ್ಳುತ್ತಿದ್ದೆನೆಂದು ತೋರಿಸಬೇಕು. ನಗಲಿ.

"ಅಪ್ಪಾ, ಎಲ್ಲಾರೂ ಕಾಯಾಕತ್ತಾರ," ಕುಸುಮ ಬಾಗಿಲು ಬಡಿಯುತ್ತಿದ್ದಾಳೆ. ಅಂಗಿಯ ಗುಂಡಿ ಬಿಚ್ಚಿದ್ದೇನೆ. ಏಳುತ್ತೇನೆ. ಮೊದಲು ತಾರವ್ವನ ಹತ್ತಿರ—